ಬಸಿ ಪಾಸು

ವಡಗಾವಿಯಲ್ಲಿ ಐಸ್ ಇದ್ದದ್ದು ಎರಡೇ ಕಡೆ:
ಕಬ್ಬಿನಹಾಲಿನ ಗಾಡಿಯ ಗೋಣಿಚೀಲದೊಳಗೆ,
ಹವಾಲ್ದಾರ ಕಂಗ್ರಾಳಕರರ ಮಾತಿನೊಳಗೆ.

ದ್ರಾಸಿನಲ್ಲಿ ಮೂರು ಚಳಿಗಾಲ ಕಳೆದು,
ಎಡಗಾಲಿನ ಎರಡು ಬೆರಳು ಅಲ್ಲೇ ಬಿಟ್ಟು,
ಪಿಂಚಣಿ ಹಿಡಿದು ಬಂದವರು.
ನೂಲು ಒಣಹಾಕುವ ಫರಸಿಯ ಅಂಗಳದಲ್ಲಿ
ನಮಗೆ ಐಸ್ ಹಾಕಿ ಕಲಿಸಿದರು.
ಗಾಲಿ ಬೂಟಿನ ಮೇಲೆ. ಐಸ್ ಇಲ್ಲದೆ.
ಫರಸಿಯ ಸಂದಿಗೆ ಗಾಲಿ ಸಿಕ್ಕರೆ ಮೂಗೇ ಬ್ರೇಕು.

ಬಣ್ಣದ ಹೊಂಡದಲ್ಲಿ ಉಳಿದ ನೀಲಿ ತಂದು
ಎರಡು ಗೆರೆ ಎಳೆದರು, ನಡುವೆ ಒಂದು ಕೆಂಪು.
ಉದ್ಯಮಬಾಗದ ಯಾವುದೋ ಫೌಂಡ್ರಿಯ ಸವೆದ ಬೆಲ್ಟು ಕೊರೆದು
ದುಂಡನೆ ಬಿಲ್ಲೆ ಮಾಡಿ, ಪಕ್ ಅಂದರು.
ತ್ರಿಶಲಾ ಚೌಗುಲೆ ಮೂಸಿ ನೋಡಿ, ಲಾರಿ ವಾಸನೆ ಅಂದಳು.

"ನೀಲಿ ಗೆರಿ ಮೊದಲ ಬಿಲ್ಲಿ ದಾಟಬೇಕು, ಆಮ್ಯಾಲ ನೀ.
ಬೀಗರ ಮನಿಗೆ ಬುತ್ತಿಗಿಂತ ಮೊದಲ ಹೋಗಿ ಕುಂತರ
ಅದಕ್ಕ ಆಫ್‌ಸೈಡ್ ಅಂತಾರ.
ಕೆಂಪು ಗೆರಿ ಮುಟ್ಟೂಕಿಂತ ಮೊದಲ, ಅಂಜಿ,
ಆ ತುದೀತನಕ ಒಗದ್ರ ಐಸಿಂಗ್.
ಒಗೆಯೂದು ಪಾಸ್ ಅಲ್ಲವಾ, ಕಸ ಚೆಲ್ಲೂದು."

ನನಗೆ ತಡವಾಗಿ ಹತ್ತಿತು.
ಮಗ್ಗದ ಸದ್ದಿನಲ್ಲಿ ಹುಟ್ಟಿದವಳು ನಾನು;
ಲಾಳಿಯ ಹಿಂದೆ ಕಣ್ಣು ಓಡಿಸಬಾರದೆಂದು ಗೊತ್ತಿತ್ತು,
ಆದರೂ ಕೋಲಿನ ತುದಿಯ ಬಿಲ್ಲೆಯನ್ನೇ ನೋಡುತ್ತಿದ್ದೆ.
"ತಲಿ ಮ್ಯಾಲ! ಬಿಲ್ಲಿ ಎಲ್ಲೂ ಓಡಿ ಹೋಗಂಗಿಲ್ಲ,
ಗೆಳತಿ ಹೋಗ್ತಾಳ.
ಆಕಿ ಅದಾಳಲ್ಲ, ಅಲ್ಲಿಗೆ ಕೊಡಬ್ಯಾಡ.
ಆಕಿ ಬರಾಕತ್ತಾಳಲ್ಲ, ಅಲ್ಲಿಗೆ ಕೊಡು."

ಹಿಡಿಯುವುದನ್ನು ಮಾತ್ರ ಅವರು ಕಲಿಸಲಿಲ್ಲ,
ಮೆಹರೂನ್ ಬಾಗವಾನಳನ್ನು ತೋರಿಸಿದರು.
ಲಾರಿಯಿಂದ ಎಸೆದ ಕಲ್ಲಂಗಡಿ ಹಿಡಿದು ಬೆಳೆದ ಕೈ:
ಬಂದದ್ದರ ಜೊತೆ ತುಸು ಹಿಂದೆ ಸರಿಯುತ್ತದೆ,
ಆಮೇಲೆ ನಿಲ್ಲುತ್ತದೆ.
ನಮ್ಮ ಕೋಲಿಗೆ ಬಡಿದ ಬಿಲ್ಲೆ ಗೋಡೆಗೆ ಬಡಿದಂತೆ ಸಿಡಿದರೆ
ಅವಳ ಕೋಲಿನಲ್ಲಿ ಬಂದು ಕೂತುಕೊಳ್ಳುತ್ತಿತ್ತು.

ಎದುರಿನವಳ ಕೋಲು ನೆಲಕ್ಕೆ ಅಡ್ಡ ಮಲಗಿದ್ದರೆ?
ಇದಕ್ಕೆ ಚಹಾದಂಗಡಿಗೇ ಕರೆದೊಯ್ದರು.
ಬಸಿಯನ್ನು ಬೆರಳಲ್ಲಿ ತಿರುವಿ
ಸಕ್ಕರೆ ಡಬ್ಬಿಯ ಮೇಲಿಂದ ಹಾರಿಸಿ
ಮೇಜಿನ ಆಚೆ ತುದಿಗೆ ಇಳಿಸಿದರು,
ಚಪ್ಪಟೆಯಾಗಿ, ತಿರುಗುತ್ತಲೇ.
ಅದು ಮೂರನೆಯ ಬಸಿ.
ಮೊದಲೆರಡರ ಲೆಕ್ಕ ಸಿದರಾಯ ಗೋಡೆಯ ಮೇಲೆ ಬರೆದುಕೊಂಡ.

ಏಪ್ರಿಲಿನ ಒಂದು ಮಧ್ಯಾಹ್ನ ಕರೆಂಟು ಹೋಗಿ
ಓಣಿಯ ಮಗ್ಗಗಳೆಲ್ಲ ಒಮ್ಮೆಗೇ ಸುಮ್ಮನಾದವು.
ಟಂಟಂ ಬಂತು. ಹೊಟ್ಟಿನೊಳಗೆ ನಾಲ್ಕು ಐಸ್ ಗಡ್ಡೆ.
ಸಾಲಾಗಿ ಇಟ್ಟರು, ಒಂದಕ್ಕೊಂದು ಒತ್ತಿ.
"ಹೂಂ, ಕೊಡು."
ಫರಸಿಯ ಮೇಲೆ ಗರಗರ ಅನ್ನುವ ಬಿಲ್ಲೆಗೆ
ಸದ್ದೇ ಇರಲಿಲ್ಲ.
ರೂಢಿಯ ಜೋರಿನಲ್ಲಿ ತಳ್ಳಿದೆ;
ನಾಲ್ಕೂ ಗಡ್ಡೆ ದಾಟಿ, ಯಾರದೋ ಸೈಕಲ್ಲಿನ ಕಡ್ಡಿಗೆ ಬಡಿಯಿತು.
ಇಷ್ಟು ದಿನ ಎಷ್ಟೊಂದು ನೂಕುತ್ತಿದ್ದೆವು!

ಹವಾಲ್ದಾರರು ಚಪ್ಪಲಿ ಬಿಟ್ಟು
ಮೂರು ಬೆರಳಿನ ಪಾದ ಐಸಿನ ಮೇಲಿಟ್ಟರು.
ಏನೂ ಹೇಳಲಿಲ್ಲ. ತೆಗೆದರು.
ಕರಗಿದ ನೀರು ನೀಲಿ ಗೆರೆಯನ್ನು ಎಳೆದುಕೊಂಡು
ಗಟಾರದ ಕಡೆ ಹೊರಟಿತು.
ಆ ಸಂಜೆ ಆಫ್‌ಸೈಡಿನ ಜಗಳ ಮುಗಿಯಲೇ ಇಲ್ಲ.

ಈಗ ಪಂದ್ಯಗಳಲ್ಲಿ ಅಂಕದ ಹಾಳೆ ತುಂಬುವವಳು ನಾನು.
ಗೋಲು ಹೊಡೆದವಳ ಹೆಸರಿನ ಪಕ್ಕ ಎರಡು ಮನೆ:
ಪಾಸು ಕೊಟ್ಟವಳಿಗೊಂದು,
ಅವಳಿಗೆ ಕೊಟ್ಟವಳಿಗೊಂದು.
ಅದಕ್ಕೂ ಹಿಂದೆ, ಮೂಲೆಯಲ್ಲಿ ಇಬ್ಬರ ನಡುವೆ ಸಿಕ್ಕಿಬಿದ್ದು
ಬಿಲ್ಲೆ ಬಿಡಿಸಿಕೊಟ್ಟವಳಿಗೆ?
ಹಾಳೆಯಲ್ಲಿ ಜಾಗವಿಲ್ಲ.

ಸಿದರಾಯನ ಅಂಗಡಿಯಲ್ಲಿ ಕೇಳಿದೆ.
"ನಾ ದ್ರಾಸಿನ್ಯಾಗ ಯಾವಾಗಲೂ ಆ ಮೂರನೇಯವನಾ," ಅಂದರು.
ಉಳಿದ ಚಹಾ ಸೊರ್ ಎಂದು ಕುಡಿದು
ಡಬ್ಬಿಯ ಮೇಲಿಂದ ಬಸಿ ಹಾರಿಸಿದರು.
ಕೈ ತುಸು ಹಿಂದೆ ತೆಗೆದುಕೊಂಡೆ.