ಕಡಿತ

ಜುಲೈ ಕೊನೆ. ಕಲಬುರಗಿ ಜಗತ್ ಸರ್ಕಲ್ಲಿನ ಮಹಡಿ ಕೋಣೆ.
ಬಿಸ್ಕಿಟ್ ಡಬ್ಬಿ ಮೇಜಿನ ಮೇಲೆ ಬೋರಲು ಸುರಿದ
ಜೆಸ್ಕಾಂ ಲೈನ್‌ಮನ್ ಲಾಡ್ಲೆಸಾಬ:
'ಏನೇನು ಕಡಿತಕ್ಕ ಬರ್ತದ, ನೋಡ್ರಿ ಮೇಡಂ.'

ವೃತ್ತಿ ತೆರಿಗೆ ಮೊದಲು ಹಿಡಿದೆ.
ಹನ್ನೊಂದು ತಿಂಗಳು ಇನ್ನೂರು, ಫೆಬ್ರುವರಿಗೆ ಮುನ್ನೂರು,
ಅದು ಬೆಂಗಳೂರಿನದು. ಹಳೇ ಪದ್ಧತಿಯಲ್ಲಾದರೆ
ದಿಲ್ಲಿ ಅಷ್ಟನ್ನು ಬಿಟ್ಟು ಎಣಿಸುತ್ತದೆ,
ತಮ್ಮ ಉಂಡ ತುತ್ತು ಅಣ್ಣ ಲೆಕ್ಕ ಹಿಡಿಯದ ಹಾಗೆ.

ಎಲ್ಲೈಸಿ ಬಂತು. ಮಗಳ ಬಿ.ಎಡ್. ಫೀಸು ಬಂತು.
ತಾಯಿಯ ಕಣ್ಣಿನ ಆಪರೇಷನ್ನು ನಗದು ಕೊಟ್ಟು ಮಾಡಿಸಿದ್ದಾನೆ;
ನಗದು ಕಾಯ್ದೆಯ ಕಣ್ಣಿಗೆ ಕಾಣುವುದಿಲ್ಲ.

ಒಂದು ಚೀಟಿಗೆ ರಸೀದಿಯ ಮುಖವೇ ಇಲ್ಲ.
ಬಾಲ್‌ಪೆನ್ನಿನಲ್ಲಿ: ಶರಣಮ್ಮ, ಎರಡು ಸಾವಿರ,
ಶರಣಮ್ಮ, ಎರಡು ಸಾವಿರ, ಹನ್ನೆರಡು ಸಲ.
'ಕಂಬದ ಮ್ಯಾಲಿಂದ ಬಿದ್ದನಲ್ರೀ ಕಾಂಟ್ರಾಕ್ಟ್ ಹುಡುಗ, ಅವರ ಮನಿಗೆ.
ಲೈನ್ ಬಂದ್ ಅದ ಅಂತ ಹೇಳಿದಾವ ನಾನೇ.'

ಕಲಂ ಹುಡುಕುವವಳ ಹಾಗೆ ಪರದೆ ನೋಡಿದೆ.
ಹೊಸ ಪದ್ಧತಿ ಒತ್ತಿದೆ. ತೆರಿಗೆ ಸೊನ್ನೆ.
'ಯಾವ ಚೀಟಿನೂ ಬ್ಯಾಡ್ರಿ. ಎಲ್ಲಾ ಮಾಫಿ.'

ಅವನು ಏಳಲಿಲ್ಲ.
'ಮಾಫಿ ಅಂದ್ರ ಹೆಂಗ್ರೀ? ಒಂದ್ಸಲ ಬರಕೋರಿ.'

ಕ್ಯಾಲೆಂಡರಿನ ಹೋದ ತಿಂಗಳು ಹರಿದು ಬೆನ್ನಿಗೆ ಬರೆದೆ.
ಬೆಂಗಳೂರು ಒಂದು ಸಾಲು, ದಿಲ್ಲಿ ಒಂದು ಸಾಲು,
ಶರಣಮ್ಮ ಅವೆರಡರ ಕೆಳಗೆ, ಗೆರೆಯಾಚೆ.
ಎರಡು ಸಲ ಕೂಡಿಸಿ ನೋಡಿದ. ಮಡಚಿ ಕಿಸೆಗಿಟ್ಟ.

ನನ್ನ ಫೀಸು ಮುನ್ನೂರು. ನಗದೇ ಕೊಟ್ಟ.
ರಸೀದಿ ಅವನು ಕೇಳಲಿಲ್ಲ, ನಾನೂ ಬರೆಯಲಿಲ್ಲ.
ಮೆಟ್ಟಿಲಿಳಿಯುವಾಗ ಕರೆಂಟು ಹೋಯಿತು,
ಕತ್ತಲಲ್ಲಿ ಅವನ ಫೋನು ಹೊಡಕೊಳ್ಳತೊಡಗಿತು.