ಬುಡದ ತನಕ

ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು ಅಂದಿದ್ದ ದಸ್ತಗೀರ್ ಮಾಮ,
ಬಿಸಿ ಎಂಜಿನ್ನು ಸುಳ್ಳು ಹೇಳುತ್ತದಂತೆ.
ಆರೂವರೆಗೆ ಕುರ್ಲಾ. ಚಹಾದಂಗಡಿಯ ಸ್ಟೋವು ಇನ್ನೂ ಹೊಗೆಯಾಡುತ್ತಿತ್ತು.

ಬೂದಿ ಬಣ್ಣದ ಸೆಡಾನು. ಹನ್ನೆರಡು ವರ್ಷ.
ಬಾನೆಟ್ಟಿನ ಮೇಲೆ ಅಂಗೈ ಇಟ್ಟ,
ವಾರ್ಡಿನಲ್ಲಿ ನಾನು ಹಣೆ ಮುಟ್ಟುವ ಹಾಗೆ.
ಇಂಡಿ ತಾಲೂಕಿನ ಕನ್ನಡದಲ್ಲಿ, ನನಗಷ್ಟೇ ಕೇಳುವಂತೆ:
"ತಂಗೀ, ಇದು ಮುಂದಿನ ಗಾಲಿ ಎಳಿಯೂ ಗಾಡಿ.
ಎಳಿಯೂವೂ ಅವ, ಹೊಳ್ಳೂವೂ ಅವ.
ಹಿಂದಿನವು ಸುಮ್ನ ಬೆನ್ನ ಹತ್ತತಾವ."
ನಕ್ಕೆ. ರಾತ್ರಿಪಾಳಿ ಮುಗಿಸಿ ನೇರ ಬಂದಿದ್ದೆ,
ಮನೆಯಲ್ಲಿ ಎಲ್ಲರೂ ಮಲಗಿದ್ದರು.

ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುವಿ
ಮೆಲ್ಲಗೆ ಒಂದು ಸುತ್ತು. ಟಕ್. ಟಕ್ ಟಕ್.
ಮೆಟ್ಟಿಲೇರುವಾಗ ನನ್ನ ಮೊಣಕಾಲಿನ ಸದ್ದು.
"ಜಾಯಿಂಟ್ ಹೋಗ್ಯಾದ. ಬೂಟ್ ಹರದು ಗ್ರೀಸೆಲ್ಲಾ ಉಗಳ್ಯಾದ.
ಇದರ ರೊಕ್ಕಾ ಮುರಕೋಳೂಣು."

ಮುಂದಿನ ಟೈರು ಒಳಮಗ್ಗುಲಲ್ಲಿ ಬೋಳು.
ಗೇರು ಸರಿ. ಕಾಗದ ಸರಿ.
ಚಾಸಿ ನಂಬರ್ ಓದಲು ನನ್ನ ಕನ್ನಡಕ ಇಸಕೊಂಡ.

ಗುಪ್ತೆ ಬಾಯಿ ದೂರ ನಿಂತಿದ್ದರು,
ಕೀಲಿಗೊಂಚಲಿನಿಂದ ಗಣಪತಿಯನ್ನು ಬಿಡಿಸಿಕೊಳ್ಳುತ್ತ.

ಕೊನೆಗೆ ಸೀಟ್ ಬೆಲ್ಟ್. ಎಲ್ಲರೂ ಗೇಣುದ್ದ ಎಳೆದು ಬಿಡುತ್ತಾರೆ,
ಮಾಮ ಬುಡ ಸಿಗುವ ತನಕ ಎಳೆದ.
ಅಲ್ಲಿತ್ತು ಅಡ್ಡ ಒಂದು ಕಂದು ಗೆರೆ,
ಯಾವ ಶಾಂಪೂವಿಗೂ ಸಿಗದ ಕೆಸರು.
"ನೀರು ಕುಡದ ಗಾಡಿ."

ಬಾಯಿ ಕೇಳದೆಯೇ ಹೇಳಿದರು, ಮರಾಠಿಯಲ್ಲಿ:
ಆ ದಿನ ಅವರು ಗಾಜು ಒಡೆದು ಹೊರಬಂದರು.
ಯಾವ ದಿನ, ನಾವು ಕೇಳಲಿಲ್ಲ.

ಎಳೆದ ಬೆಲ್ಟು ತಾನಾಗಿ ಒಳಸರಿಯಲಿಲ್ಲ.
ಮಾಮ ಸ್ವಲ್ಪ ಸ್ವಲ್ಪವೇ ಉಣಿಸುತ್ತ ಕೂತ.