ಜೂನ್ ಒಂದಕ್ಕ ಹುಟ್ಟಿದವರು

ಫಾರ್ಮಿನೊಳಗ ಹನ್ನೊಂದು ಖಾನೆ.
ಎತ್ತರ, ತೂಕ, ಮೂವತ್ತು ಮೀಟರ್ ಓಟ,
ಎಡಗಾಲೋ ಬಲಗಾಲೋ,
ಕಡೀ ಖಾನೇದಾಗ, ಸಣ್ಣ ಅಕ್ಷರದಾಗ:
ದೇಶಕ್ಕ ಆಡುವ ಸಂಭವ, ಹತ್ತಕ್ಕ ಎಷ್ಟು?

ಹುಬ್ಬಳ್ಳಿ ರೈಲ್ವೆ ಮೈದಾನ. ಸಂಜಿ ನಾಕೂವರಿ.
ವರ್ಕ್‌ಶಾಪಿನ ಭೋಂಗಾ ಇನ್ನೂ ಆಗಿಲ್ಲ.
ಗೋಲ್‌ಕಂಬದ ಹಿಂದ ಮುರುಕು ಬೆಂಚಿನ ಮ್ಯಾಲ
ನಾನು, ಮೂವತ್ತೊಂದು ವರ್ಷ
ನಿಂತ ಗಾಡಿಯ ಗಾಲಿ ತಟ್ಟಿ ನೋಡಿದ ಫಿಟ್ಟರು.
ಸುತ್ತಿಗಿ ಬಡದ್ರ ಸಪ್ಪಳದಾಗ ಬಿರುಕು ಗೊತ್ತಾಗ್ತಿತ್ತು.
ಹದಿನಾಕರ ಹುಡುಗನ್ನ
ಎಲ್ಲಿ ತಟ್ಟಬೇಕು?

ಇಪ್ಪತ್ತೆರಡು ಮಂದಿ ಅದಾರ.
ಅದರಾಗ ಹದಿಮೂರು ಮಂದಿ ಜೂನ್ ಒಂದಕ್ಕ ಹುಟ್ಟ್ಯಾರ.
ಒಂದನೇ ಇಯತ್ತೆಯ ಮಾಸ್ತರು ಕೊಟ್ಟ ಹುಟ್ಟು ಅದು,
ಸಾಲಿ ಸುರುವಾದ ದಿನ, ಹೊಸಾ ರಜಿಸ್ಟರಿನಾಗ.
ಅವ್ವಂದಿರನ್ನ ಕೇಳಿದ್ನಿ.
ಉಣಕಲ್ ಕೆರಿ ಕೋಡಿ ಬಿದ್ದಿತ್ತಲ್ಲ, ಆ ವಾರ, ಅಂದ್ಲು ಒಬ್ಬಾಕಿ.
ವಾರ ಖರೇ ಬೇ, ವರ್ಷ?
ಬೆಂಗಳೂರಿನವರು ಮಣಿಕಟ್ಟಿನ ಎಕ್ಸ್‌ರೇ ತಗಸ್ತಾರಂತ,
ಎಲುಬಿಗೆ ಸುಳ್ಳು ಹೇಳಾಕ ಬರೂದಿಲ್ಲಂತ.
ಅವರ ಎಲುಬು ಹೆಂಗೋ ಏನೋ.

ಡೊಮಿನಿಕ್ ಸೆಲ್ವಂ.
ಚೆಂಡು ಬರೂಕಿಂತ ಮೊದಲ ತಿರುಗಿ ನೋಡ್ತಾನ,
ಕಲಿಸಿದವರು ಯಾರೂ ಇಲ್ಲ.
ಎತ್ತರ ಮಾತ್ರ ಇಲ್ಲ.
ಅವರಪ್ಪನ್ನ ನೋಡಾಕಂತ ಲೋಕೊ ಶೆಡ್ಡಿಗೆ ಹೋದ್ನಿ:
ನನ್ನ ಭುಜದ ತನಕ ಬಂದ.
ಅವ್ವನ ಕಡಿ ಮಾವಂದಿರು ಭಾಳ ಉದ್ದ ಸರ್,
ಫೋಟೋ ತೋರಸ್ತೀನಿ, ಅಂದಾನ ಹುಡುಗ.
ಮಾವಂದಿರ ಸಲುವಾಗಿ ಅರ್ಧ ಅಂಕ.

ಥಾವರು ಲಮಾಣಿ, ದಿನಾ ಹದಿನೇಳು ಕಿಲೋಮೀಟರು ಸೈಕಲ್ಲು.
ಓಡಿದ. ಗಡಿಯಾರದ ಮ್ಯಾಲ ಸಂಶಯ ಬಂದು
ಮತ್ತ ಓಡು ಅಂದ್ನಿ.
ಮತ್ತ ಅಷ್ಟ. ನಾಕು ಪಾಯಿಂಟ್ ಎರಡು.
ಕಾಲಿಗೆ ಚೆಂಡು ಕೊಟ್ರ ಮಾತ್ರ
ಬ್ಯಾರೇದವರ ಹಸಗೂಸು ಎತ್ತಿಕೊಂಡವರಂಗ
ಅಂಜಿ, ತಿರುಗಿ ಕೊಟ್ಟುಬಿಡ್ತಾನ.

ಇನ್ನ ನದಾಫರು. ಹಜರತ, ದಾವಲ.
ಹನ್ನೊಂದು ತಿಂಗಳ ಅಂತರ, ಕಾಗದದಾಗ ಅವಳಿ.
ದಾವಲನ ಎಡಗಾಲು ಮೂಲಿಯಿಂದ ಹೊಡದ ಚೆಂಡು
ಗಾಳಿಯಾಗ ಏನೋ ನೆನಪಾದಂಗ ನಿಂತು, ಹೊರಳಿ,
ಕಂಬದ ಒಳಮಗ್ಗಲಿಗೆ ಹೋತು.
ದೇವರು ಕೊಟ್ಟ ಎಡಗಾಲು, ಅಂತ ಬರದ್ನಿ.
ಎಂಟು, ಅಂತನೂ ಬರದ್ನಿ.
ನೀರಿನ ವ್ಯಾಳ್ಯಾಕ್ಕ ನಳದ ಹತ್ರ ಕಂಡದ್ದು:
ಇಬ್ಬರ ನಡುವ ಒಂದ ಜೋಡು ಬೂಟು.
ಬಲದ್ದು ಅಣ್ಣಗ, ಎಡದ್ದು ತಮ್ಮಗ,
ಇನ್ನೊಂದು ಕಾಲಿಗೆ ಸಾಲಿಯ ಕ್ಯಾನ್ವಾಸು, ಸುತ್ತ ಸೈಕಲ್ ಟ್ಯೂಬಿನ ಪಟ್ಟಿ.
ಆರನೇ ಇಯತ್ತೆಯಿಂದ ಹಿಂಗ ಅಂತ, ಇದು ಮೂರನೇ ಜೋಡು.

ದೇವರು ಕೊಟ್ಟ ಅನ್ನೂದನ್ನ ಹೊಡದು ಹಾಕಿದ್ನಿ.
ಎಡಗಾಲು ಉಳೀತು.

ಒಬ್ಬಗ ಕರಿ ಬಂದ್ರ ಹೆಂಗಪಾ, ಅಂತ ಕೇಳಬಾರದಿತ್ತು,
ಕೇಳಿದ್ನಿ.
ಹಜರತ ಲೇಸು ಬಿಚ್ಚಕೋತ, ತಲಿ ಎತ್ತದ:
ಎರಡೂ ಅವಗ ಕೊಡೂದ್ರಿ.
ನನಗ ಆವಾಗ ಎರಡೂ ಕಾಲು ಕ್ಯಾನ್ವಾಸು,
ಸಮಾ ಆಗ್ತಾವ.

ನನ್ನ ಹೆಸರಿನ ಮುಂದೂ ಒಮ್ಮೆ ಯಾರೋ ಬರದಿದ್ರು,
ಇದ ಮೈದಾನದಾಗ, ಹಸರು ಶಾಯಿಯಾಗ:
ಮುಂದಿನ ವರ್ಷ ನೋಡೋಣ.
ಮುಂದಿನ ವರ್ಷ ಅವರು ಬರಲಿಲ್ಲ.
ನಾ ಬಂದಿದ್ನಿ.
ಕೈಗವಸು ತೊಳದು, ಒಣಗಿಸಿ, ತಂದಿದ್ನಿ.

ಅದಕ್ಕ ಈ ಫಾರ್ಮು ಪೆನ್ಸಿಲಿನಾಗ.
ಶುಕ್ರವಾರದೊಳಗ ಮುಟ್ಟಬೇಕಂತ,
ಈ ಮೈದಾನದಿಂದ ಒಂದ ಹೆಸರಂತ.
ನೀಲಿ ಅಂಗಿ ಹತ್ತು ವರ್ಷದ ಆಚೆ ಐತಿ;
ಅಲ್ಲಿ ತನಕ ಮೊಣಕಾಲು, ಮೀಸಿ, ಎಸ್ಸೆಸ್ಸೆಲ್ಸಿ,
ಗ್ಯಾರೇಜಿನ ಪಗಾರ, ಯಾವುದೋ ಹುಡುಗಿ,
ಎಲ್ಲಾ ದಾಟಿ ಬರಬೇಕು ಈ ಕಾಲು.

ಭೋಂಗಾ ಆತು.
ಯಾವ ಹುಡುಗನೂ ತಲಿ ಎತ್ತಲಿಲ್ಲ.
ನಾ ರೂಢಿಯಂಗ ಎದ್ದು ನಿಂತ್ನಿ,
ಮತ್ತ ಕುಂತ್ನಿ.

ಹಜರತ ನದಾಫ. ಬಲಗಾಲು. ಆರು.
ಅಳಿಸಿ,
ಏಳು.